ಮೂರನೆಯ ಸಾಲಿನ ಅರ್ಜಿದಾರರು

ಈಶಮ್ಮ ಎಂಬ ಟಪಾಲು ಒಯ್ಯುವ ಹೆಂಗಸಿನಿಂದ ಕಂಪ್ಯೂಟರ್ ಕೆಲಸ ಈ ಜನ್ಮದಲ್ಲಿ ಆಗುವುದಿಲ್ಲ ಎಂದು ಸಂಯುಕ್ತ ಬೇಳೆಕಾಳು ದರ್ಜೆ ನಿರ್ಣಯ ಮಂಡಳಿಯ ನಾರಾಯಣಖೇಡ ಶಾಖೆಯ ಸೂಪರಿಂಟೆಂಡೆಂಟ್ ಶ್ರೀ ವೈಜಿನಾಥರವರು ೨೦೧೧ನೇ ಇಸವಿಯ ಆಗಸ್ಟ್ ತಿಂಗಳಲ್ಲಿ ಲಿಖಿತವಾಗಿ ತಿಳಿಸಿದರು. ಕಾಗದಕ್ಕೆ ನಂಬರು ಇತ್ತು, ತಾರೀಖು ಇತ್ತು, ದುಂಡನೆಯ ಮೊಹರು ಇತ್ತು. ಈಶಮ್ಮ ಎಂದರೆ ನಾನು. ಆ ಕಾಗದವನ್ನು ಮುಖ್ಯ ಕಚೇರಿಗೆ ಮುಟ್ಟಿಸಿ ಬಂದವಳೂ ನಾನೇ, ಏಕೆಂದರೆ ಟಪಾಲು ಒಯ್ಯುವುದು ನನ್ನ ಕೆಲಸವಾಗಿತ್ತು.

ಮಂಡಳಿಯ ಕೆಲಸ ತೊಗರಿ ಚಲೋ ಇದೆಯೋ ಇಲ್ಲವೋ ಎಂದು ಹೇಳುವುದು. ಬೆಳೆದವನಿಗೂ ಅದು ಗೊತ್ತು, ಕೊಳ್ಳುವ ಸಾಹುಕಾರನಿಗೂ ಗೊತ್ತು. ಆದರೆ ಅವರಿಬ್ಬರ ಹತ್ತಿರವೂ ಮೊಹರಿಲ್ಲ. ಮುಖ್ಯ ಕಚೇರಿ ತಾಂಡೂರಿನಲ್ಲಿ. ಜಹೀರಾಬಾದಿನಲ್ಲಿ ಒಂದು ಮಧ್ಯದ ಕಚೇರಿ. ಅದು ಅಲ್ಲಿರುವುದಕ್ಕೆ ಒಂದೇ ಕಾರಣ, ನಾರಾಯಣಖೇಡದಿಂದ ತಾಂಡೂರಿಗೆ ಹೋಗುವವರು ಅಲ್ಲಿ ಬಸ್ಸು ಬದಲಿಸುತ್ತಾರೆ. ಹನ್ನೊಂದು ವರ್ಷ ನಾನು ಕಡತಗಳ ಚೀಲ ಹೊತ್ತು ಈ ದಾರಿಯಲ್ಲಿ ಓಡಾಡಿದೆ. ಒಂದು ಚೀಟಿ ಕಳೆದವಳಲ್ಲ.

ಅದಕ್ಕೂ ಮೊದಲು ಮಾರುಕಟ್ಟೆ ಯಾರ್ಡಿನಲ್ಲಿ ಗೋಣಿಚೀಲ ಹೊಲಿಯುತ್ತಿದ್ದೆ. ಚೀಲದ ಮೇಲೆ ಅಚ್ಚು ಹಾಕಿದ ಅಕ್ಷರಗಳನ್ನು ನೋಡಿ ನೋಡಿ ತೆಲುಗು, ಕನ್ನಡ, ಇಂಗ್ಲಿಷು ಮೂರನ್ನೂ ಓದುವುದು ಕಲಿತೆ. ಯಾರೂ ಹೇಳಿಕೊಡಲಿಲ್ಲ. ಕಲಿತಿದ್ದೀಯೇನು ಎಂದು ವೈಜಿನಾಥರು ಕೇಳಲಿಲ್ಲ, ನಾನು ಹೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡಬಾರದು ಎಂಬುದು ಕಚೇರಿಯ ಶಿಸ್ತು.

ಯಾರ್ಡಿನ ಗೇಟಿನ ಬಗಲಿಗೆ ಏಳನೆಯ ನಂಬರಿನ ಖೋಲಿ ಇದೆ. ಮಂಡಳಿಯದೇ. ಅದರಲ್ಲಿ ಅರ್ಜಿ ಬರೆದುಕೊಡುವ, ಝೆರಾಕ್ಸ್ ತೆಗೆಯುವ ಅಂಗಡಿ ಇಡಬೇಕೆಂದು ನಾನು ಮೂರು ವರ್ಷ ಅರ್ಜಿ ಹಾಕಿದ್ದೆ. ಖೋಲಿ ಖಾಲಿ ಇದೆ ಎಂದು ರಿಜಿಸ್ಟರು ಹೇಳುತ್ತಿತ್ತು. ಒಳಗೆ ವೈಜಿನಾಥರ ಹೆಂಡತಿಯ ತಮ್ಮ ಕಾಶಪ್ಪನ ಮೋಟಾರ್ ಸೈಕಲ್ಲು ನಿಂತಿರುತ್ತಿತ್ತು. ಅದು ನಿಂತಿದ್ದಾಗ ಖೋಲಿ ಖಾಲಿ ಎಂದೇ ಲೆಕ್ಕ. ನಾನು ಕೇಳಿದಾಗ ಮಾತ್ರ ಜಾಗವಿಲ್ಲ.

ಸೆಪ್ಟೆಂಬರಿನಲ್ಲಿ ಪ್ರತ್ಯೇಕ ರಾಜ್ಯಕ್ಕಾಗಿ ಸಕಲ ಜನರ ಮುಷ್ಕರ ಶುರುವಾಯಿತು. ಶಾಲೆ ನಿಂತವು, ಕಚೇರಿ ನಿಂತವು, ಕೆಲವೇ ದಿನಗಳಲ್ಲಿ ಬಸ್ಸುಗಳೂ ನಿಂತವು. ರಸ್ತೆಯ ಮೇಲೆಯೇ ಒಲೆ ಹೂಡಿ ಅನ್ನ ಬೇಯಿಸಿ ಊರೆಲ್ಲ ಉಂಡಿತು. ನಾನೂ ಎರಡು ಸಲ ಬಡಿಸಿದೆ. ನಮ್ಮ ಮಂಡಳಿ ಮುಷ್ಕರದಲ್ಲಿದೆಯೋ ಇಲ್ಲವೋ ಎಂದು ಕೇಳಿ ಬರೆದ ಪತ್ರಕ್ಕೆ ಉತ್ತರ ಬಂದಿರಲಿಲ್ಲ. ಆದ್ದರಿಂದ ನಾವು ಬೆಳಗ್ಗೆ ಡೇರೆಯಲ್ಲಿ ಕುಳಿತು ಘೋಷಣೆ ಕೂಗುತ್ತಿದ್ದೆವು, ಮಧ್ಯಾಹ್ನ ಕಚೇರಿಯಲ್ಲಿ ಕುಳಿತು ಕಡತ ನೋಡುತ್ತಿದ್ದೆವು. ಎರಡೂ ಕಡೆ ಹಾಜರಿ ಹಾಕಿಕೊಂಡವರೆಂದರೆ ನಾವೇ.

ಬಸ್ಸು ನಿಂತ ಮೂರನೆಯ ದಿನ ತಾಂಡೂರಿನಿಂದ ಸುತ್ತೋಲೆ ನಲವತ್ನಾಲ್ಕು ಹೊರಟಿತು. ಅದನ್ನು ಫೋನಿನಲ್ಲಿ ಓದಿ ಬರೆಸಿದರು:

“ಬಸ್ಸುಗಳು ಲಭ್ಯವಿಲ್ಲದ ಕಾರಣ ಇನ್ನು ಮುಂದೆ ಕಡತಗಳನ್ನು ಕಂಪ್ಯೂಟರ್ ಮುಖಾಂತರ, ಬೀಗ ಹಾಕಿದ ಸ್ಥಿತಿಯಲ್ಲಿ ಕಳಿಸತಕ್ಕದ್ದು. ಕಡತ ಒಯ್ಯುವ ಅಧಿಕಾರ ಟಪಾಲಿನವರಿಗೆ ಮಾತ್ರ ಇರುವುದರಿಂದ ಗುಂಡಿ ಒತ್ತುವ ಅಧಿಕಾರವೂ ಅವರಿಗೇ ಸೇರಿದ್ದು. ಮಾರ್ಗ ಯಥಾಪ್ರಕಾರ ಜಹೀರಾಬಾದಿನ ಮೇಲಿಂದ. ಬೇರೆ ಯಾರಾದರೂ ಗುಂಡಿ ಒತ್ತಿದಲ್ಲಿ ಅದನ್ನು ಒತ್ತಿಲ್ಲವೆಂದೇ ಪರಿಗಣಿಸಲಾಗುವುದು.”

ಕಂಪ್ಯೂಟರುಗಳು ಎರಡು ವರ್ಷದ ಹಿಂದೆಯೇ ಬಂದಿದ್ದವು. ಬಣ್ಣದ ಪರದೆಗೆ ದುಡ್ಡು ಕೊಡಬೇಕು, ಕರಿ ಪರದೆ ಪುಕ್ಕಟೆ ಎಂದು ಯಾರೋ ಹೇಳಿದ್ದಕ್ಕೆ ಮಂಡಳಿ ಕರಿ ಪರದೆಯನ್ನೇ ತರಿಸಿತ್ತು. ಅದರಲ್ಲಿ ಚಿತ್ರವಿಲ್ಲ, ಬಾಣವಿಲ್ಲ. ಒಂದು ಬಿಳಿ ಗೆರೆ ಮಿಣುಕುತ್ತಾ ಕಾಯುತ್ತಿರುತ್ತದೆ. ನಾವು ಒಂದು ಸಾಲು ಆಜ್ಞೆ ಬರೆಯಬೇಕು.

“ಏ ಈಶಮ್ಮಾ,” ಎಂದರು ವೈಜಿನಾಥರು, “ಗುಂಡಿ ಒತ್ತು ಅಂತ ತಾಂಡೂರಿನವರು ಅಂದಾರ. ಒತ್ತು. ಆದ್ರ ನಿನ್ನ ಕಡಿಂದ ಆಗಂಗಿಲ್ಲ, ನಾ ಬರದು ಕೊಟ್ಟೀನಿ.”

“ಆ ಕಾಗದ ನಾನೇ ಒಯ್ದೀನ್ರಿ ಸಾಹೇಬ್ರ.”

“ಒಯ್ಯೋದು ಬ್ಯಾರೆ, ತಿಳಿಯೋದು ಬ್ಯಾರೆ.”

ಜಹೀರಾಬಾದಿನ ಮಧ್ಯದ ಕಚೇರಿಯ ಗುಮಾಸ್ತೆ ಬಸವೇಶ್ವರಿ ಅಕ್ಕೋರು ಇಂಥ ಕೆಲಸ ಬಲ್ಲವರು. ಅವರೇ ಫೋನಿನಲ್ಲಿ ಕಲಿಸಿದರು.

“ಈಶಮ್ಮಾ, ಮೊದ್ಲು ಬೀಗ ಹಾಕೋ ಆಜ್ಞೆ. ಆಮ್ಯಾಲ ಕಳಸೋ ಆಜ್ಞೆ. ಎರಡರಾಗೂ ಶಬ್ದ ಶಬ್ದದ ನಡುವ ಜಾಗ ಬಿಡು. ಬರದ್ಯಾ?”

“ಬರದೀನ್ರಿ ಅಕ್ಕೋರೆ. ಒತ್ತೀನಿ.”

“ಏನಂತದ?”

“ಏನೂ ಅನವಲ್ದು. ಬಾಯಿ ಮುಚ್ಕೊಂಡು ಕುಂತದ.”

“ಹಂಗಂದ್ರ ಸರಿ ಹೋಗ್ಯಾದ. ಅದು ತಪ್ಪಾದ್ರ ಅಷ್ಟೇ ಮಾತಾಡ್ತದ. ಸರಿ ಮಾಡಿದ್ರ ಏನೂ ಅನ್ನಂಗಿಲ್ಲ.”

“ನಮ್ಮ ಸಾಹೇಬ್ರಂಗೇ ಅದ ತಗೋರಿ,” ಎಂದೆ.

ಆ ಕಡೆ ಅಕ್ಕೋರು ನಗುವುದು ಕೇಳಿಸಿತು. ಆಮೇಲೆ ಅವರು ಬೀಗದ ವಿಷಯ ಬಿಡಿಸಿ ಹೇಳಿದರು. ಈ ಪದ್ಧತಿಯಲ್ಲಿ ಬೀಗಕ್ಕೆ ಎರಡು ಕೀಲಿ. ಒಂದು ಹಾಕುವುದಕ್ಕೆ, ಒಂದು ತೆಗೆಯುವುದಕ್ಕೆ. ಹಾಕುವ ಕೀಲಿಯನ್ನು ತಾಂಡೂರಿನವರು ಊರಿಗೆಲ್ಲ ಹಂಚಬಹುದು. ಅದರಿಂದ ಯಾರು ಬೇಕಾದರೂ ಅವರಿಗೆ ಬೀಗ ಹಾಕಿ ಕಳಿಸಬಹುದು, ತೆಗೆಯುವುದಕ್ಕೆ ಮಾತ್ರ ಬರುವುದಿಲ್ಲ. ತೆಗೆಯುವ ಕೀಲಿ ತಾಂಡೂರಿನಲ್ಲೇ ಇರುತ್ತದೆ, ಒಂದೇ ಒಂದು. ಬೀಗ ಬಿದ್ದ ಕಡತ ನೋಡಿದರೆ ಹಾಳೆ ತುಂಬ ಚಿಕ್ಕ ದೊಡ್ಡ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಅಂಕಿಗಳು, ಅರ್ಥ ಮಾತ್ರ ಇಲ್ಲ. ನಡುದಾರಿಯಲ್ಲಿ ಯಾರು ನೋಡಿದರೂ ಚಿಂತೆಯಿಲ್ಲ.

ನನಗೆ ಇದು ಒಂದೇ ಸಲಕ್ಕೆ ತಿಳಿಯಿತು. ವೈಜಿನಾಥರಿಗೆ ಕೇಳಿಯೇ ಬೆವರು ಬಂತು.

“ಕೀಲಿ ಊರಿಗೆಲ್ಲ ಹಂಚ್ತಾರೇನು? ಹುಚ್ಚು ಹಿಡಿದದೇನು ಅವರಿಗೆ?” ಎಂದು ಅವರು ಹಾಕುವ ಕೀಲಿಯನ್ನು ಒಂದು ಪೆನ್‌ಡ್ರೈವಿಗೆ ಇಳಿಸಿಸಿ ತಮ್ಮ ಅಲಮಾರಿಯಲ್ಲಿಟ್ಟು ಬೀಗ ಜಡಿದರು. ಅಂದಿನಿಂದ ಪ್ರತಿ ಕಡತಕ್ಕೂ ನಾನು ‘ಕೀಲಿ ಕೇಳುವ ಅರ್ಜಿ’ ಕೊಡಬೇಕಾಯಿತು.

ಮೊದಲ ದಿನವೇ ಇನ್ನೊಂದು ಗಂಭೀರ ಲೋಪ ಬೆಳಕಿಗೆ ಬಂತು. ಕಡತ ತಾಂಡೂರಿಗೆ ಮುಟ್ಟಿದೆ ಎಂದು ಫೋನು ಬಂದ ಮೇಲೂ ಅದು ನಮ್ಮ ಕಂಪ್ಯೂಟರಿನಲ್ಲಿ ಇತ್ತು.

“ಹೋಗಿಲ್ಲಲ್ಲ ಇದು!” ಎಂದರು ವೈಜಿನಾಥರು.

“ಹೋಗ್ಯಾದ್ರಿ. ನಕಲು ಹೋಗ್ಯಾದ. ಅಸಲು ಇಲ್ಲೇ ಇರ್ತದ.”

“ಅಂದ್ರ ಒಂದೇ ಫೈಲು ಎರಡು ಊರಾಗ? ನಾಳೆ ಆಡಿಟಿನವರು ಬಂದು, ಒಂದು ಫೈಲು ಹೆಚ್ಚಾಗ್ಯಾದ, ಎಲ್ಲಿಂದ ತಂದೀರಿ ಅಂದ್ರ ಏನು ಹೇಳ್ಲಿ?”

ಕಡತ ಚಲನವಲನ ನಿಯಮದ ಪ್ರಕಾರ ಒಂದು ಕಡತ ಒಂದು ವೇಳೆಗೆ ಒಂದೇ ಊರಿನಲ್ಲಿ ಇರಬೇಕು. ಆದ್ದರಿಂದ ಕಳಿಸಿದ ತಕ್ಷಣ ಇಲ್ಲಿಯದನ್ನು ಅಳಿಸಬೇಕೆಂದು ಆದೇಶವಾಯಿತು. ಅಳಿಸಿದ್ದು ಮರಳಿ ಬರುವುದಿಲ್ಲ ಎಂದು ನಾನು ಹೇಳಿದೆ. ಹೋದ ಫೈಲು ಮರಳಿ ಬರಬಾರದು, ಬಂದರೆ ಅದು ಆಕ್ಷೇಪಣೆಯ ಲಕ್ಷಣ ಎಂದು ಅವರು ಹೇಳಿದರು. ಅದರ ಬೆನ್ನಿಗೇ ಟಪಾಲಿನವರು ಕಡತ ಹೊರಟ ಮೇಲೆ ಕಚೇರಿಯಲ್ಲಿ ಕಾಣಿಸಿಕೊಳ್ಳಬಾರದು ಎಂಬ ಹಳೆಯ ನಿಯಮವೂ ನೆನಪಾಯಿತು. ಗುಂಡಿ ಒತ್ತಿದವಳೇ ನಾನು ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕೂರಬೇಕು. ತಾಂಡೂರಿಗೆ ಬಸ್ಸಿನಲ್ಲಿ ಹೋಗುವುದಕ್ಕೆ ಎಷ್ಟು ತಾಸು ಹಿಡಿಯುತ್ತದೋ ಅಷ್ಟು ತಾಸು. ಯಾರಾದರೂ ಬಂದು ಈಶಮ್ಮ ಎಲ್ಲಿ ಎಂದರೆ ಕಚೇರಿಯವರು, “ದಾರಿಯಾಗ ಅದಾಳ್ರಿ,” ಎನ್ನುತ್ತಿದ್ದರು. ನಾನು ಹತ್ತು ಮಾರು ದೂರದಿಂದ ತಲೆ ಆಡಿಸುತ್ತಿದ್ದೆ. ಜಹೀರಾಬಾದಿನಲ್ಲೂ ಅಕ್ಕೋರು ಬಂದ ಕಡತವನ್ನು ನಲವತ್ತು ನಿಮಿಷ ಹಿಡಿದಿಟ್ಟುಕೊಂಡೇ ಮುಂದಕ್ಕೆ ಕಳಿಸುತ್ತಿದ್ದರು. ಬಸ್ಸು ಬದಲಿಸುವ ಹೊತ್ತು ಅಷ್ಟು.

ಆಮೇಲೆ ಆಶ್ಚರ್ಯವೊಂದು ನಡೆಯಿತು. ತಾಂಡೂರಿನ ನಿರ್ದೇಶಕ ಹಣಮಂತರಾಯರು ಹಿಂದೆಲ್ಲ ಕಡತವನ್ನು ಒಂದೇ ಸಲಕ್ಕೆ ಒಪ್ಪಿದ್ದೇ ಇಲ್ಲ. ಪುಟದ ಅಂಚು ಚಿಕ್ಕದು, ಟಾಚಣಿ ತುಕ್ಕು ಹಿಡಿದಿದೆ, ‘ಸನ್ಮಾನ್ಯ’ದ ಬದಲು ‘ಮಾನ್ಯ’ ಬರೆದಿದ್ದೀರಿ ಎಂದು ಮೂರು ಮೂರು ಸಲ ವಾಪಸು ಕಳಿಸುತ್ತಿದ್ದರು. ಈಗ ಕಳಿಸಿದ್ದೆಲ್ಲ ಮಾರನೆಯ ದಿನವೇ ಮಂಜೂರಾಗತೊಡಗಿತು. ಗೋಣಿಚೀಲ ಕೊಳ್ಳುವ ಕಡತ ಮಂಜೂರು. ತಕ್ಕಡಿ ರಿಪೇರಿ ಮಂಜೂರು. ವೈಜಿನಾಥರ ಹದಿನೈದು ದಿನದ ರಜೆ ಮಂಜೂರು.

ಕಾರಣ ಬಸವೇಶ್ವರಿ ಅಕ್ಕೋರಿಂದ ತಿಳಿಯಿತು. ತೆಗೆಯುವ ಕೀಲಿ ಬಹಳ ಅಮೂಲ್ಯವಾದದ್ದು ಎಂದು ಸುತ್ತೋಲೆಯಲ್ಲಿ ಬರೆದಿದ್ದರಿಂದ ಹಣಮಂತರಾಯರು ಅದನ್ನು ಪೆನ್‌ಡ್ರೈವಿನಲ್ಲಿ ಹಾಕಿ, ಲಕೋಟೆಗೆ ಅರಗಿನ ಮುದ್ರೆ ಒತ್ತಿ, ಮಂಡಳಿಯ ಭದ್ರ ಕೊಠಡಿಯಲ್ಲಿ ಇರಿಸಿದ್ದರು. ಒಂದೇ ವಸ್ತು ಎರಡು ಕಡೆ ಇರಬಾರದೆಂದು ಕಂಪ್ಯೂಟರಿನಲ್ಲಿದ್ದದ್ದನ್ನು ಅಳಿಸಿದ್ದರು. ಭದ್ರ ಕೊಠಡಿಯ ಕಾವಲುಗಾರ ಶಂಕ್ರೆಪ್ಪ ಕಬ್ಬಿಣದ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಮುಷ್ಕರದ ಡೇರೆಗೆ ಹೋಗಿ ಕುಳಿತಿದ್ದ. ಪ್ರತ್ಯೇಕ ರಾಜ್ಯ ಬರುವ ತನಕ ಸರ್ಕಾರಿ ಬಾಗಿಲು ತೆಗೆಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದ್ದ. ಹಣಮಂತರಾಯರು ಖುದ್ದು ಡೇರೆಗೆ ಹೋಗಿದ್ದರಂತೆ.

“ಜೈ ತೆಲಂಗಾಣ ಶಂಕ್ರೆಪ್ಪಾ. ಕೀಲಿ ಕೊಡಪಾ.”

“ಜೈ ತೆಲಂಗಾಣ ಸಾಬ್ರ. ರಾಜ್ಯ ಕೊಡ್ರಿ, ಕೀಲಿ ಕೊಡ್ತೀನಿ.”

“ರಾಜ್ಯ ನನ್ನ ಹಂತ್ಯಾಕ ಎಲ್ಲದಪಾ?”

“ಹಂಗಾದ್ರ ನಾ ಕುಂತೀನ್ರಿ. ನೀವೂ ಕೂಡ್ರಿ. ಚಹಾ ಬಂದಾದ.”

ಹಣಮಂತರಾಯರು ಚಹಾ ಕುಡಿದು ಬಂದರು. ಒಳಬಂದ ಕಡತವನ್ನು ಮೂರು ದಿನದೊಳಗೆ ಇತ್ಯರ್ಥ ಮಾಡಬೇಕು ಎಂಬುದು ನಿಯಮ. ಅರ್ಥವಾದ ಮೇಲೆ ಇತ್ಯರ್ಥ ಮಾಡಬೇಕು ಎಂದು ಎಲ್ಲೂ ಬರೆದಿಲ್ಲ. ಅವರು ಬೀಗ ಬಿದ್ದ ಕಡತವನ್ನೇ ಮುದ್ರಿಸಿಕೊಂಡು, ಪ್ರತಿ ಪುಟಕ್ಕೂ ದಸ್ಕತ್ತು ಹಾಕಿ, ಕೊನೆಗೆ ‘ಪರಿಶೀಲಿಸಿದೆ, ಕೋರಿದಂತೆ ಮಂಜೂರು’ ಎಂದು ಬರೆಯತೊಡಗಿದರು.

“ಭಾಳ ಖುಷಿ ಅದಾರ,” ಎಂದರು ಅಕ್ಕೋರು. “ಮೂವತ್ತು ವರ್ಷದಾಗ ಇಂಥ ಕಡತ ನೋಡಿಲ್ಲ, ಹುಡುಕಿದ್ರೂ ಒಂದು ಕೊಂಕು ಸಿಗವಲ್ದು ಅಂತಾರ.”

ತಾಂಡೂರಿನವರು ಈಗ ಏನೂ ಕೇಳುವುದಿಲ್ಲ ಎಂಬ ಸುದ್ದಿ ವೈಜಿನಾಥರ ಕಿವಿಗೂ ಬಿತ್ತು. ಏಕೆ ಕೇಳುವುದಿಲ್ಲ ಎಂಬ ಭಾಗ ಬೀಳಲಿಲ್ಲ. ಅವರು ಎರಡು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಒಂದೇ ಬೆರಳಿನಿಂದ ಕಂಪ್ಯೂಟರು ಕುಟ್ಟಿದರು. ಆಮೇಲೆ ನನ್ನನ್ನು ಕರೆದು, “ಇದೊಂದು ಖಾಸಗಿ ಕಡತ. ಬೀಗ ಹಾಕಿ ಕಳಸು. ಒಳಗ ನೋಡಬ್ಯಾಡ. ನೋಡಿದ್ರೂ ನಿನಗೇನು ತಿಳೀತದ ಬಿಡು,” ಎಂದರು.

ಕಳಿಸುವ ಮೊದಲು ಕಡತ ಪೂರ್ತಿ ಇದೆಯೇ ಎಂದು ಪರದೆಯ ಮೇಲೆ ತಂದು ನೋಡಬೇಕೆಂದು ಅಕ್ಕೋರು ಕಲಿಸಿದ್ದರು. ತಂದೆ. ನಮೂನೆ ಹತ್ತೊಂಬತ್ತು, ಖೋಲಿ ಹಂಚಿಕೆ. ಏಳನೆಯ ಖೋಲಿಯನ್ನು ಕಾಶಪ್ಪ ಎಂಬ ಯೋಗ್ಯ ನಿರುದ್ಯೋಗಿಗೆ ಕೊಡಬೇಕು. ಇನ್ನೊಬ್ಬ ಅರ್ಜಿದಾರಳಾದ ಈಶಮ್ಮ ಅಕ್ಷರ ಬಾರದವಳು, ಮುಂಗೋಪಿ, ಅಂಗಡಿ ನಡೆಸಲು ಅಸಮರ್ಥಳು ಎಂದು ಶಿಫಾರಸು. ಮುಂಗೋಪಿ ಎಂಬುದೊಂದು ನಿಜ.

ಆ ಬಿಳಿ ಗೆರೆ ಮಿಣುಕುತ್ತಾ ಇತ್ತು. ಒಂದು ಆಜ್ಞೆ ಬರೆದರೆ ಕಡತ ಅಳಿದುಹೋಗುತ್ತಿತ್ತು. ಎರಡು ಶಬ್ದ ತಿದ್ದಿದರೆ ಖೋಲಿ ನನ್ನದಾಗುತ್ತಿತ್ತು. ನಾನು ಎರಡನ್ನೂ ಮಾಡಲಿಲ್ಲ. ನನ್ನ ವಿರುದ್ಧದ ಕಾಗದವನ್ನು ನಾನು ಒಯ್ಯಲಿಲ್ಲ ಎಂಬ ಮಾತು ಈ ಊರಿನಲ್ಲಿ ಹುಟ್ಟಬಾರದು. ಬೀಗ ಹಾಕಿದೆ, ಕಳಿಸಿದೆ. ಇಲ್ಲಿಯದನ್ನು ವೈಜಿನಾಥರು ತಾವೇ ನಿಂತು ಅಳಿಸಿಸಿದರು. “ಗುರುತು ಸುದ್ಧಾ ಉಳಿಬಾರದು,” ಎಂದರು. ನಾನು ಬೇವಿನ ಮರದ ಕೆಳಗೆ ಹೋಗಿ ಕುಳಿತು ತಾಂಡೂರಿಗೆ ಹೋದೆ. ದಾರಿಯುದ್ದಕ್ಕೂ ಅತ್ತೆ. ಯಾರೂ ನೋಡಲಿಲ್ಲ, ಏಕೆಂದರೆ ನಾನು ಅಲ್ಲಿರಲಿಲ್ಲ.

ಮೂರನೆಯ ದಿನ ಆದೇಶ ಬಂತು. ನಮ್ಮ ಶಾಖೆಗೆಂದು ಯಾರೂ ಕೀಲಿ ಮಾಡಿಸಿರಲಿಲ್ಲವಾದ್ದರಿಂದ ಅದು ಬೀಗವಿಲ್ಲದೆಯೇ ಬಂತು. ಕಡತದ ಹೆಸರಿಗೆ ಬೀಗ ಬೀಳುವುದಿಲ್ಲ, ಅಲ್ಲಿ ‘ನಮೂನೆ ೧೯, ಖೋಲಿ ೭’ ಎಂದಿದ್ದರಿಂದ ಏಳನೆಯ ಖೋಲಿ ಮಂಜೂರಾಗಿತ್ತು. ಯಾರಿಗೆ ಎಂಬಲ್ಲಿ ಹಣಮಂತರಾಯರು ನಿಯಮದಂತೆ ನಡೆದಿದ್ದರು. ನಮೂನೆ ಹತ್ತೊಂಬತ್ತರಲ್ಲಿ ಅರ್ಜಿದಾರರ ಹೆಸರು ಮೂರನೆಯ ಸಾಲಿನಲ್ಲಿ ಇರುತ್ತದೆ. ಬೀಗ ಬಿದ್ದ ಕಡತದ ಮೊದಲ ಸಾಲು ಶಿರೋನಾಮೆ, ಎರಡನೆಯದು ಬೀಗದ ಕಂಪನಿಯ ವಿವರ. ನಡುವಿನ ಖಾಲಿ ಸಾಲನ್ನು ಎಣಿಸಬೇಕೋ ಬೇಡವೋ ಎಂದು ಅರ್ಧ ದಿನ ಚರ್ಚೆ ನಡೆದು, ಖಾಲಿ ಇರುವುದು ಸಾಲಲ್ಲ ಎಂದು ತೀರ್ಮಾನವಾಗಿತ್ತು. ಮೂರನೆಯ ಸಾಲಿನಲ್ಲಿ ಇದ್ದದ್ದನ್ನು ಅವರು ಒಂದಕ್ಷರ ಬಿಡದೆ ಆದೇಶಕ್ಕೆ ಇಳಿಸಿದ್ದರು: ಚಿಕ್ಕ ಎಚ್, ದೊಡ್ಡ ಕ್ಯೂ, ದೊಡ್ಡ ಇ, ದೊಡ್ಡ ಎಂ, ದೊಡ್ಡ ಎ, ಅಂಕಿ ಏಳು, ಚಿಕ್ಕ ಡಬ್ಲ್ಯೂ, ಹೀಗೆ ಒಟ್ಟು ಅರವತ್ನಾಲ್ಕು ಅಕ್ಷರ. ಹೆಸರಿನ ಮುಂದೆ ‘ಶ್ರೀ/ಶ್ರೀಮತಿ’ ಎಂದು ಎರಡನ್ನೂ ಇಟ್ಟಿದ್ದರು. ಸಂಶಯವಿದ್ದಾಗ ಗೌರವ ಹೆಚ್ಚು ಕೊಡಬೇಕೆಂಬುದು ಪದ್ಧತಿ.

ವೈಜಿನಾಥರು ಫೋನಿಗೆ ಹಾರಿದರು. ಆ ಕಡೆಯ ಧ್ವನಿ ಕೋಣೆಗೆಲ್ಲ ಕೇಳುತ್ತಿತ್ತು.

“ಸಾಬ್ರ, ಅದು ಕಾಶಪ್ಪನ ಹೆಸರಿಗೆ ಬರದದ್ದು!”

“ಎಲ್ಲಿ ಬರದೀರಿ?”

“ಕಡತದಾಗ್ರಿ.”

“ಕಡತ ನನ್ನ ಮುಂದೇ ಅದ. ಕಾಶಪ್ಪ ಅಂತ ಎಲ್ಲೂ ಇಲ್ಲ. ನಿಮ್ಮ ಹಂತ್ಯಾಕ ಇರೋದು ತೋರಸ್ರಿ.”

“ಅಳಿಸೀನ್ರಿ.”

“ಯಾಕ?”

“ಒಂದು ಕಡತ ಎರಡು ಊರಾಗ ಇರಬಾರದಲ್ರಿ.”

“ಬರೋಬ್ಬರಿ ಮಾಡೀರಿ,” ಎಂದರು ಹಣಮಂತರಾಯರು, ಮೆಚ್ಚುಗೆಯಿಂದ. “ಆದೇಶ ಆಗ್ಯಾದ. ಆ ಹೆಸರಿನವರು ಯಾರದಾರ ಹುಡುಕ್ರಿ. ಇಬ್ಬರು ಮೂವರು ಬಂದ್ರ ನಾ ಬಂದು ವಿಚಾರಣೆ ಮಾಡ್ತೀನಿ.”

ಯಾರ್ಡಿನಲ್ಲಿ ಪ್ರಕಟಣೆ ಅಂಟಿಸಿದರು. ಈ ಕೆಳಕಂಡ ಹೆಸರಿನ ವ್ಯಕ್ತಿಯು ತನ್ನ ಹೆಸರನ್ನು ನೋಡದೆ ಬರೆದು ತೋರಿಸಿ ಖೋಲಿ ವಶಕ್ಕೆ ತೆಗೆದುಕೊಳ್ಳತಕ್ಕದ್ದು. ತನ್ನ ಹೆಸರು ತನಗೆ ಬರುತ್ತದೆ ಎಂಬುದೇ ಗುರುತಿನ ಪುರಾವೆ.

ಇಬ್ಬರೇ ಮುಂದೆ ಬಂದೆವು. ಕಾಶಪ್ಪ ಮತ್ತು ನಾನು.

ಮುಷ್ಕರ ಮುಗಿಯಿತು, ಬಸ್ಸು ಶುರುವಾದವು, ರಾಜ್ಯ ಬರಲಿಲ್ಲ. ವಿಚಾರಣೆಗೆ ಇಪ್ಪತ್ತು ದಿನ ಇತ್ತು. ನಾನು ದಿನವೂ ಬೇವಿನ ಮರದ ಕೆಳಗೆ ಕಡ್ಡಿಯಿಂದ ಮಣ್ಣಿನಲ್ಲಿ ಬರೆದೆ, ಅಳಿಸಿದೆ, ಬರೆದೆ. ಎಂಟೆಂಟು ಅಕ್ಷರದ ಎಂಟು ತುಂಡು ಮಾಡಿದೆ. ಒಂದೊಂದು ತುಂಡಿಗೆ ದಾರಿಯ ಒಂದೊಂದು ಊರು. ರೊಟ್ಟಿ ಬಡಿಯುವಾಗ ಬಾಯಲ್ಲಿ ಅದೇ. ನಿದ್ದೆಯಲ್ಲೂ ದೊಡ್ಡ ಕ್ಯೂ, ದೊಡ್ಡ ಇ ಎಂದು ಕನವರಿಸುತ್ತೇನೆಂದು ಪಕ್ಕದ ಮನೆಯ ಶಾಂತಾಬಾಯಿ ದೂರಿದಳು. “ಯಾವ ದೇವರ ಜಪ ನಡಿಸೀವ್ವಾ?” ಎಂದಳು. “ಖೋಲಿ ದೇವರದು,” ಎಂದೆ.

ಹಣಮಂತರಾಯರು ತಾಂಡೂರಿನಿಂದ ಬಸ್ಸಿನಲ್ಲಿ ಬಂದರು. ತೊಗರಿಯ ದರ ಬರೆಯುವ ಕರಿ ಹಲಗೆಯನ್ನು ಒರೆಸಿ ಇಟ್ಟರು. ಯಾರ್ಡಿನ ಹಮಾಲರೆಲ್ಲ ಕೆಲಸ ಬಿಟ್ಟು ಕಿಟಕಿಗೆ ನೆರೆದರು.

ಕಾಶಪ್ಪ ಮೊದಲು ಎದ್ದ. ಅಂಗೈಯಲ್ಲಿ ಬರೆದುಕೊಂಡು ಬಂದಿದ್ದ. ಬೆವರಿಗೆ ಅದು ಎಂಟನೆಯ ಅಕ್ಷರದ ತನಕ ಮಾತ್ರ ಉಳಿದಿತ್ತು. ಒಂಬತ್ತಕ್ಕೆ ನಿಂತ. ವೈಜಿನಾಥರು ಮೂಲೆಯಿಂದ ಬೆರಳಿನಲ್ಲಿ ಗಾಳಿಗೆ ಅಕ್ಷರ ಬರೆದು ತೋರಿಸಿದರು. ದೊಡ್ಡದೋ ಚಿಕ್ಕದೋ ಎಂದು ತಿಳಿಯದೆ ಕಾಶಪ್ಪ ಹುಬ್ಬು ಹಾರಿಸಿದ. ದೊಡ್ಡದು ಎಂದು ಹೇಳಲು ವೈಜಿನಾಥರು ಎರಡೂ ಕೈ ಅಗಲಿಸಿದರು. ಕಾಶಪ್ಪ ಅಕ್ಷರವನ್ನು ಹಲಗೆಯ ಈ ತುದಿಯಿಂದ ಆ ತುದಿಗೆ ಬರೆದ.

“ಏನಪಾ, ತನ್ನ ಹೆಸರು ತನಗೇ ಬರಲ್ಲಂದ್ರ ಹ್ಯಾಂಗ?” ಎಂದರು ಹಣಮಂತರಾಯರು.

ಕಾಶಪ್ಪನಿಗೆ ಸಿಟ್ಟು ಬಂತು. “ನನ್ನ ಹೆಸರು ಕಾಶಪ್ಪ ಅದರೀ!”

“ಹಂಗಂದ್ರ ಮುಗೀತಲ್ಲ. ಕಾಶಪ್ಪಗ ಖೋಲಿ ಮಂಜೂರಾಗಿಲ್ಲ. ಕೂಡು.”

ನಾನು ಎದ್ದೆ. ಸೀಮೆಸುಣ್ಣ ಹಿಡಿದೆ. ನಾರಾಯಣಖೇಡದಿಂದ ಹೊರಟು ತಾಂಡೂರಿನಲ್ಲಿ ಇಳಿಯುವ ತನಕ ಎಲ್ಲೂ ಕೈ ಎತ್ತಲಿಲ್ಲ. ಹಣಮಂತರಾಯರು ಆದೇಶ ಹಿಡಿದು ಅಕ್ಷರ ಅಕ್ಷರ ತಾಳೆ ನೋಡಿದರು. ಅರವತ್ನಾಲ್ಕೂ ಸರಿ. ಕಿಟಕಿಯಲ್ಲಿ ಒಬ್ಬ ಹಮಾಲ ಸಿಳ್ಳೆ ಹೊಡೆದ.

“ಮೋಸ ಅದ ಸಾಬ್ರ!” ಎಂದು ವೈಜಿನಾಥರು ಎದ್ದರು. “ಈಕಿ ಈಶಮ್ಮ! ನಮ್ಮ ಟಪಾಲಿನಾಕಿ! ಈಕಿಗಿ ಅಕ್ಷರನೇ ಬರಂಗಿಲ್ಲ!”

“ಈಶಮ್ಮಗ ಅಕ್ಷರ ಬರಂಗಿಲ್ಲ ಅನ್ನೋದು ಖರೇ ಏನ್ರಿ?”

“ದೇವರಾಣೆ ಖರೇ ರೀ. ಬೇಕಂದ್ರ ಬರದು ಕೊಡ್ತೀನಿ.”

“ಕೊಡ್ರಿ.”

ವೈಜಿನಾಥರು ಬರೆದು, ದಸ್ಕತ್ತು ಹಾಕಿ, ಮೊಹರು ಒತ್ತಿ ಕೊಟ್ಟರು. ಹಣಮಂತರಾಯರು ಅದನ್ನು ಎರಡು ಸಲ ಓದಿದರು. ಬಹಳ ದಿನಗಳ ನಂತರ ಅವರಿಗೆ ಓದಬಹುದಾದ ಒಂದು ಕಾಗದ ಸಿಕ್ಕಿತ್ತು. ಆಮೇಲೆ ತೀರ್ಪು ಹೇಳಿದರು.

“ಈಶಮ್ಮಗ ಅಕ್ಷರ ಬರಂಗಿಲ್ಲ. ಈಕಿಗಿ ಬರ್ತಾವ. ಅಂದ್ರ ಈಕಿ ಈಶಮ್ಮ ಅಲ್ಲ. ಹಲಗಿ ಮ್ಯಾಲ ಇದ್ದಾಕಿನೇ ಈಕಿ. ಹೌದಲ್ಲವಾ?”

ಎಲ್ಲರೂ ನನ್ನ ಕಡೆ ನೋಡಿದರು. ಹೌದು ಎಂದರೆ ಖೋಲಿ. ಇಲ್ಲ ಎಂದರೆ ನಾನು. ಹಲಗೆಯ ಮೇಲೆ ನನ್ನ ಕೈಬರಹ ಚಂದ ಕಾಣುತ್ತಿತ್ತು.

“ಹೌದ್ರಿ ಸಾಬ್ರ,” ಎಂದೆ.

ಅಂದು ಸಂಜೆಯೇ ಟಪಾಲಿನ ಈಶಮ್ಮ ಕಚೇರಿಯಿಂದ ಗೈರುಹಾಜರಾಗಿದ್ದಾಳೆ ಎಂದು ದಾಖಲಾಯಿತು. ಹದಿನೈದು ದಿನದಲ್ಲಿ ಹಾಜರಾಗದಿದ್ದರೆ ಕೆಲಸದಿಂದ ತೆಗೆಯಲಾಗುವುದೆಂದು ಆಕೆಯ ಮನೆಗೆ ನೋಟೀಸು ಬಂತು. ಆಕೆ ಇಲ್ಲ ಎಂದು ಬರೆದು ನಾನೇ ವಾಪಸು ಕೊಟ್ಟೆ. ಹನ್ನೊಂದು ವರ್ಷದ ಸೇವೆ ಅಲ್ಲಿಗೆ ಮುಗಿಯಿತು. ಟಪಾಲಿನ ಕೆಲಸವನ್ನು ಕಾಶಪ್ಪನಿಗೆ ಕೊಟ್ಟರು. ಅವನಿಗೆ ಕರಿ ಪರದೆ ತಿಳಿಯದ ಕಾರಣ ಕಡತಗಳು ನನ್ನ ಅಂಗಡಿಗೆ ಬರತೊಡಗಿದವು. ನಾನು ಆಜ್ಞೆ ಬರೆದುಕೊಡುತ್ತೇನೆ, ಕಾಶಪ್ಪ ಗುಂಡಿ ಒತ್ತಿ ಹೋಗಿ ಮರದ ಕೆಳಗೆ ಕೂರುತ್ತಾನೆ.

ಸುತ್ತೋಲೆ ನಲವತ್ನಾಲ್ಕನ್ನು ರದ್ದು ಮಾಡಬೇಕೆಂಬ ಪ್ರಸ್ತಾವವೂ ಜಹೀರಾಬಾದಿನಿಂದ ಹೋಗಿತ್ತು. ಅದೂ ಬೀಗ ಹಾಕಿಕೊಂಡೇ ಹೋಯಿತು, ಕೋರಿದಂತೆ ಮಂಜೂರಾಯಿತು. ಕಡತದ ಹೆಸರಿನಲ್ಲಿ ‘ಸುತ್ತೋಲೆ ೪೪’ ಎಂದಷ್ಟೇ ಇದ್ದು, ಏನು ಕೋರಿದ್ದು ಎಂದು ತಾಂಡೂರಿಗೆ ತಿಳಿಯದೆ ಪದ್ಧತಿ ಮುಂದುವರಿಯಿತು. ಮೂರು ಊರಿನಲ್ಲಿ ಮಂಡಳಿಯಿಂದ ಏನನ್ನಾದರೂ ಪಡೆದವರೆಲ್ಲ ಮೂರನೆಯ ಸಾಲಿನ ಹೆಸರು ಪಡೆದರು. ಒಂದೇ ಕೀಲಿಯಿಂದ ಹಾಕಿದ ಬೀಗವಾದ್ದರಿಂದ ಎಲ್ಲರ ಹೆಸರಿನ ಮೊದಲ ಹದಿನಾರು ಅಕ್ಷರ ಒಂದೇ. ಹೀಗಾಗಿ ಮನೂರಿನ ಹೊಲೆಯರ ಕೇರಿಯವರೂ ಯಾಲಾಲಿನ ಲಿಂಗಾಯತ ಸಾಹುಕಾರರೂ ಒಂದೇ ಮನೆತನದವರಾದರು. ಇದನ್ನು ಮಂಡಳಿ ಉದ್ದೇಶಿಸಿರಲಿಲ್ಲ. ಒಂದು ಮದುವೆಯ ಮಾತುಕತೆಯಲ್ಲಿ ಗಂಡಿನವರು ಎದ್ದು ನಡೆದರು, ಹೆಣ್ಣೂ ಗಂಡೂ ಒಂದೇ ಬೆಡಗಿನ, ಒಂದೇ ಕುಲದವರಾದರೆ ಅಣ್ಣ ತಂಗಿಯಾಗುತ್ತಾರೆ ಎಂದು.

೨೦೧೪ರ ಜೂನಿನಲ್ಲಿ ರಾಜ್ಯ ಬಂತು. ಪಟಾಕಿ ಹೊಡೆದೆವು, ಗುಲಾಲು ಹಾರಿಸಿದೆವು. ಶಂಕ್ರೆಪ್ಪ ಮಾತಿಗೆ ತಪ್ಪಲಿಲ್ಲ. ಮೆರವಣಿಗೆಯಲ್ಲಿ ಬಂದು ಭದ್ರ ಕೊಠಡಿಯ ಬಾಗಿಲು ತೆರೆದು, ಲಕೋಟೆಯನ್ನು ಹಣಮಂತರಾಯರ ಕೈಗೆ ಕೊಟ್ಟ. ತೆಗೆಯುವ ಕೀಲಿ ಕೊನೆಗೂ ಹೊರಗೆ ಬಂತು.

ಮಂಡಳಿಯ ತುರ್ತು ಸಭೆ ಸೇರಿತು. ಆರುನೂರು ಚಿಲ್ಲರೆ ಕಡತಗಳನ್ನು ಈಗ ತೆರೆದು ಓದಬಹುದು ಎಂದು ಬಸವೇಶ್ವರಿ ಅಕ್ಕೋರು ಹೇಳಿದರು. ಓದಿದರೆ, ಏನೇನಕ್ಕೆ ದಸ್ಕತ್ತು ಹಾಕಿದ್ದೇವೆ ಎಂದು ಗೊತ್ತಾಗುತ್ತದೆ. ಎಲ್ಲರಿಗಿಂತ ಮೊದಲು ವಿರೋಧಿಸಿದವರು ವೈಜಿನಾಥರು. ಅವರ ಪಿಂಚಣಿ ಆಗಲೇ ಮೂರನೆಯ ಸಾಲಿನ ಹೆಸರಿನಲ್ಲಿ ಮಂಜೂರಾಗಿತ್ತು. ಆ ಅರವತ್ನಾಲ್ಕು ಅಕ್ಷರ ಬಾಯಿಪಾಠ ಮಾಡಲು ಅವರು ಆರು ತಿಂಗಳು ನನ್ನ ಅಂಗಡಿಗೆ ಬಂದಿದ್ದರು. ಠರಾವು ಅವಿರೋಧವಾಗಿ ಪಾಸಾಯಿತು: “ಬೀಗ ತೆಗೆಯುವ ಕೀಲಿಯು ಅತ್ಯಂತ ಗೋಪ್ಯವಾದುದರಿಂದ ಅದಕ್ಕೂ ಬೀಗ ಹಾಕಿ ತಾಂಡೂರಿಗೆ ಕಳಿಸತಕ್ಕದ್ದು. ಒಂದೇ ವಸ್ತು ಎರಡು ಕಡೆ ಇರಕೂಡದಾದ್ದರಿಂದ ಬೀಗವಿಲ್ಲದ ಪ್ರತಿಯನ್ನು ಅಳಿಸತಕ್ಕದ್ದು.”

ಆ ಕೆಲಸ ನನ್ನ ಅಂಗಡಿಗೇ ಬಂತು, ತಾಂಡೂರಿಗೆ ಕಳಿಸಬೇಕಾದ ಲಕೋಟೆ ತಾಂಡೂರಿನಿಂದಲೇ ಬಸ್ಸಿನಲ್ಲಿ ಬಂತು. ತೆಗೆಯುವ ಕೀಲಿಗೆ ಹಾಕುವ ಕೀಲಿಯಿಂದ ಬೀಗ ಹಾಕಿದೆ. ಕಳಿಸಿದೆ. ಅಸಲು ಅಳಿಸಿದೆ. ಕರಿ ಪರದೆ ಏನೂ ಅನ್ನಲಿಲ್ಲ. ಎಲ್ಲ ಸರಿಯಾಗಿ ಆಗಿತ್ತು. ಹಣಮಂತರಾಯರು ಅದನ್ನು ಮುದ್ರಿಸಿಕೊಂಡು ದಸ್ಕತ್ತು ಹಾಕಿ, ಕೋರಿದಂತೆ ಮಂಜೂರು ಮಾಡಿದರು. ಅದರ ಮೂರನೆಯ ಸಾಲಿನವರು ಯಾರೆಂದು ಮಂಡಳಿ ಈಗಲೂ ಹುಡುಕುತ್ತಿದೆ.

ಇಂದು ನನ್ನ ಬಳಿ ಏಳನೆಯ ನಂಬರಿನ ಖೋಲಿ ಇದೆ, ಎರಡು ಕಂಪ್ಯೂಟರು, ಒಂದು ಝೆರಾಕ್ಸ್ ಯಂತ್ರ, ನಾಲ್ಕು ಕುರ್ಚಿ ಇವೆ. ಅಂಗಡಿಯ ಬೋರ್ಡಿನಲ್ಲಿ ನನ್ನ ಹೆಸರು ಪೂರ್ತಿ ಹಿಡಿಸಲಿಲ್ಲವಾದ್ದರಿಂದ ಆರು ಮತ್ತು ಎಂಟನೆಯ ಖೋಲಿಯವರನ್ನು ಕೇಳಿ ಅವರ ಬಾಗಿಲ ಮೇಲೆಯೂ ಮುಂದುವರಿಸಿದ್ದೇನೆ. ರೇಷನ್ ಕಾರ್ಡು, ಬ್ಯಾಂಕಿನ ಪುಸ್ತಕ, ಓಟಿನ ಚೀಟಿ ಎಲ್ಲ ಆ ಹೆಸರಿಗೇ ಮಾಡಿಸಿಕೊಂಡೆ. ದಸ್ಕತ್ತು ಹಾಕುವುದಕ್ಕೆ ನಾಲ್ಕು ನಿಮಿಷ ಹಿಡಿಯುತ್ತದೆ, ಬ್ಯಾಂಕಿನವರು ಕಾಯುತ್ತಾರೆ. ಈಶಮ್ಮ ಎಂಬುವವರ ಹೆಸರಿನಲ್ಲಿ ಈ ಮೂರು ಊರಿನಲ್ಲಿ ಈಗ ಏನೂ ಇಲ್ಲ.